ಲೆಕ್ಕಣಿಕಿಯ ಮೂತಿ

ಹೋದ ವರ್ಷ ನನ್ನ ಫೌಂಟನ್ ಪೆನ್ನಿನ ನಿಬ್ಬಿಗೆ ಸಾಣೆ ಹಿಡಿಸಿದೆ. ಶೋಕಿಗಲ್ಲ, ದಿನಾ ಬರೆಯೋಕೆ. ಇದನ್ನು ಹೇಳಿದಾಗಲೆಲ್ಲ ಆಫೀಸಿನಲ್ಲಿ ಬರುವ ಪ್ರಶ್ನೆ ಒಂದೇ: "ಪೆನ್ನಿಗೂ ಸಾಣೆನಾ? ಅದೇನು ಕುಡಗೋಲಾ?"

ಹೆಚ್ಚುಕಡಿಮೆ ಹೌದು. ನಿಬ್ಬಿನ ತುದಿಯಲ್ಲಿ ಸಾಸಿವೆಗಿಂತ ಸಣ್ಣದೊಂದು ಗಟ್ಟಿ ಲೋಹದ ಗುಂಡು ಇರುತ್ತೆ. ಮೊದಲೆಲ್ಲ ಆಸ್ಮಿಯಂ, ಇರಿಡಿಯಂ ಹಾಕುತ್ತಿದ್ದರು. ಈಗ ಅದರಲ್ಲಿ ಇರಿಡಿಯಂ ಇಲ್ಲದಿದ್ದರೂ ಹೆಸರು ಮಾತ್ರ ಉಳಿದಿದೆ. ಬಂಗಾರವೋ ಉಕ್ಕೋ ಕಾಗದಕ್ಕೆ ಉಜ್ಜಿ ಉಜ್ಜಿ ಸವೆಯುತ್ತೆ, ಈ ಗುಂಡು ಅಷ್ಟು ಸುಲಭಕ್ಕೆ ಸವೆಯಲ್ಲ. ಯಾರು ಹೇಗೆ ಹಿಡಿದರೂ ಬರೆಯಲಿ ಅಂತ ಕಾರ್ಖಾನೆಯವರು ಅದನ್ನು ಉರುಟಾಗಿ ಬಿಟ್ಟಿರುತ್ತಾರೆ. ಸಾಣೆ ಹಿಡಿಯುವವರು ಕಣ್ಣಿಗೆ ಭೂತಗನ್ನಡಿ ಹಾಕಿಕೊಂಡು, ನುಣುಪು ಸಾಣೆ ಹಾಳೆಯ ಮೇಲೆ ಎಂಟರ ಅಂಕಿಯ ಹಾಗೆ ಸುತ್ತಿಸುತ್ತಾ (ಇಂಗ್ಲಿಷಿನ ಎಂಟು, ನಮ್ಮ ಎಂಟಲ್ಲ) ಅದನ್ನು ಚಪ್ಪಟೆಯೋ ಓರೆಯೋ ಚೂಪೋ ಮಾಡಿಕೊಡುತ್ತಾರೆ. ಒಮ್ಮೆ ಸವೆಸಿದ್ದನ್ನು ಮತ್ತೆ ಅಂಟಿಸೋಕಾಗಲ್ಲ. ಹಾಗಾಗಿ ಕೈ ಹಚ್ಚುವ ಮೊದಲು ಬಹಳ ಕೇಳುತ್ತಾರೆ.

ನನಗೂ ಒಂದು ಫಾರ್ಮ್ ಕೊಟ್ಟರು. ಬಲಗೈಯೋ ಎಡಗೈಯೋ, ಪೆನ್ನು ನೆಟ್ಟಗೆ ಹಿಡೀತೀರೋ ಮಲಗಿಸಿ ಹಿಡೀತೀರೋ, ಒತ್ತಿ ಬರೀತೀರೋ, ಎಂಥಾ ಕಾಗದ, ಯಾವ ಇಂಕು, ಎಲ್ಲಾ ಇತ್ತು. ಯಾವ ಲಿಪಿ ಬರೀತೀರಿ ಅನ್ನೋ ಕಾಲಂ ಮಾತ್ರ ಇರಲಿಲ್ಲ.

ಅವರ ಗಿರಾಕಿಗಳಲ್ಲಿ ಹೆಚ್ಚಿನವರು ಇಂಗ್ಲಿಷ್ ಬರೆಯುವವರು, ಕಾಲಂ ಯಾಕೆ ಬೇಕು? ಆದರೆ ನಾನು ಕೊಪ್ಪಳ ಜಿಲ್ಲೆಯವನು. ಲಿಪಿ ಯಾವುದು ಅಂತ ಕೇಳದೇ ಲೆಕ್ಕಣಿಕಿ ಕೆತ್ತಿಕೊಟ್ಟರೆ ನಕ್ಕುಬಿಡುತ್ತಿದ್ದ ಊರುಗಳು ನಮ್ಮವು. ಆ ಖಾಲಿ ಕಾಲಮ್ಮಿನ ಹಿಂದೆ ಬಿದ್ದು ಓದಿದ್ದು, ಕೇಳಿದ್ದು ಇಲ್ಲಿದೆ.

ಗವಿಮಠದ ಜಾತ್ರೆಗೆ ನೀವು ಹೋಗಿರಬಹುದು. ಬಹಳ ಮಂದಿ ತೇರು ನೋಡಿ, ದಾಸೋಹದಲ್ಲಿ ಉಂಡು ತಿರುಗಿ ಬರುತ್ತಾರೆ. ಅಲ್ಲೇ ಗುಡ್ಡದ ಬಂಡೆಯ ಮೇಲೆ ಅಶೋಕನ ಶಾಸನ ಇದೆ. ಊರ ಹತ್ತಿರವೇ ಪಾಲ್ಕಿಗುಂಡು ಅನ್ನೋ ಇನ್ನೊಂದು ಗುಡ್ಡ. ಬಂಡೆಯ ಮೇಲೆ ಬಂಡೆ ಪಲ್ಲಕ್ಕಿಯ ಚಾವಣಿಯ ಹಾಗೆ ಕೂತಿದೆ, ಅದರ ಕೆಳಗೆ ಅದೇ ಶಾಸನದ ಇನ್ನೊಂದು ಪ್ರತಿ. ಎರಡೂ ಬೆಳಕಿಗೆ ಬಂದದ್ದು 1931ರಲ್ಲಿ. ಪಾಲ್ಕಿಗುಂಡಿನದು ತುಂಬಾ ಸವೆದಿದೆ, ಗವಿಮಠದ್ದು ಚೆನ್ನಾಗಿ ಉಳಿದಿದೆ. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ, ಕಾಲ ಕ್ರಿ.ಪೂ. 3ನೇ ಶತಮಾನ.

ಏನು ಬರೆದಿದೆ ಅನ್ನೋದು ಪಠ್ಯಪುಸ್ತಕದಲ್ಲಿ ಸಿಗುತ್ತೆ. ನೀವು ಹೋದರೆ ಗೆರೆಗಳನ್ನು ನೋಡಿ. ಕ ಅಂದರೆ ಕೂಡಿಸುವ ಗುರುತಿನ ಹಾಗೆ ಒಂದರ ಮೇಲೊಂದು ಎರಡು ಗೆರೆ. ಠ ಅಂದರೆ ಒಂದು ಸೊನ್ನೆ. ನಮ್ಮ ಠ ಇವತ್ತಿಗೂ ಆ ಸೊನ್ನೆಯನ್ನು ಬಿಟ್ಟುಕೊಟ್ಟಿಲ್ಲ. ಎಲ್ಲಾ ಗೆರೆಗಳದ್ದೂ ಒಂದೇ ದಪ್ಪ. ಉಳಿಯ ಏಟಿಗೆ ದಪ್ಪ ಸಣ್ಣ ಗೊತ್ತಿಲ್ಲ.

ಇದೇ ಶಾಸನ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದಲ್ಲೂ ಇದೆ. ಅಲ್ಲಿ ಕೊನೆಗೆ ಬರೆದವನ ಹೆಸರೂ ಸಿಗುತ್ತೆ: ಚಪಡ. ಹೆಸರನ್ನು ಬ್ರಾಹ್ಮಿಯಲ್ಲಿ ಬರೆದು, ತಾನು ಲಿಪಿಕಾರ ಅನ್ನೋದನ್ನು ಮಾತ್ರ ಖರೋಷ್ಠಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ವಾಯವ್ಯದ ಗಾಂಧಾರದ ಕಡೆಯ ಲಿಪಿ, ಬಲದಿಂದ ಎಡಕ್ಕೆ ಸಾಗುತ್ತೆ. ಭೂರ್ಜಪತ್ರದ ಮೇಲೆ ಮಸಿಯಲ್ಲಿ ಬರೆದ, ನಮಗೆ ಉಳಿದಿರುವ ಉಪಖಂಡದ ಅತಿ ಹಳೆಯ ಹಸ್ತಪ್ರತಿಗಳು ಇದೇ ಲಿಪಿಯವು. ನನ್ನ ಊಹೆ ಏನಂದರೆ, ಚಪಡ ಎಲ್ಲಿಯವನೇ ಆಗಿರಲಿ, ಅವನ ಕೈ ಪಳಗಿದ್ದು ಉಳಿಯಲ್ಲಲ್ಲ, ಲೇಖನಿಯಲ್ಲಿ. ಸಹಿ ಹಾಕುವಾಗ ಕೈ ತನ್ನ ಹಳೇ ದಿಕ್ಕಿಗೆ ಹೊರಳಿತು. ಕನ್ನಡದ ನೆಲದಲ್ಲಿ ಬಲದಿಂದ ಎಡಕ್ಕೆ ಬರೆದ ಮೊದಲಿಗರು ನಿಜಾಮನ ಗುಮಾಸ್ತರು ಅಂತ ಯಾರಾದರೂ ಹೇಳಿದರೆ ಈ ಚಪಡನನ್ನು ತೋರಿಸಬಹುದು.

ಅಲ್ಲಿಂದ ಸಾವಿರ ವರ್ಷ ಮುಂದಕ್ಕೆ ಬಂದರೆ ನಮ್ಮೂರು ಕೊಪಣ. 9ನೇ ಶತಮಾನದ ಕವಿರಾಜಮಾರ್ಗ ಕನ್ನಡದ ತಿರುಳಿನ ನಾಡು ಯಾವುದು ಅಂತ ಗುರುತಿಸುವಾಗ ಕಿಸುವೊಳಲು, ಪುಲಿಗೆರೆ, ಒಕ್ಕುಂದದ ಜೊತೆ ಕೊಪಣವನ್ನೂ ಹೇಳುತ್ತೆ. ಹತ್ತಿರದ ಇಟಗಿಯಲ್ಲಿ 1112ರ ಮಹಾದೇವ ದೇವಾಲಯದ ಶಾಸನ ಇದೆ. ಗವಿಮಠದ ಬಂಡೆ ನೋಡಿ ಇದನ್ನು ನೋಡಿದರೆ ಲಿಪಿ ಎಷ್ಟು ದುಂಡಗಾಗಿದೆ ಅನ್ನೋದು ಕಣ್ಣಿಗೆ ಹೊಡೆಯುತ್ತೆ. ನಮ್ಮ ಹಳೇ ಶಾಸನಗಳ ಕೊನೆಗೆ ಬರೆದವನು ಒಬ್ಬ, ಕಂಡರಿಸಿದವನು ಇನ್ನೊಬ್ಬ ಅಂತ ಬೇರೆ ಬೇರೆ ಹೇಳಿರೋದುಂಟು. ಅಂದರೆ ಅಕ್ಷರದ ರೂಪ ಕಲ್ಲುಕುಟಿಗನದ್ದಲ್ಲ, ಅವನು ಬೇರೊಬ್ಬರ ಬರಹದ ಮೇಲೆ ಉಳಿ ಓಡಿಸಿದವನು. ಬರೆದವನ ಕೈ ಪಳಗಿದ್ದು ಓಲೆಗರಿಯ ಮೇಲೆ.

ಓಲೆಗರಿಗೆ ಬೇಕಾದ್ದು ಕಂಠ. ಮಸಿ ಹೀರುವ ಲೇಖನಿಯಲ್ಲ ಅದು, ಚೂಪಾದ ಕಬ್ಬಿಣದ ಕಡ್ಡಿ. ಮೊದಲು ಗರಿಯ ಮೇಲೆ ಗೀರಬೇಕು, ಆಮೇಲೆ ಕಾಡಿಗೆ ಸವರಿ ಒರೆಸಬೇಕು. ಗೀರಿದ ಕಡೆ ಕಪ್ಪು ನಿಲ್ಲುತ್ತೆ. ಅಡ್ಡಗೆರೆ ಎಳೆದರೆ ಗರಿ ನಾರಿನ ಉದ್ದಕ್ಕೂ ಸೀಳುತ್ತೆ, ಅದಕ್ಕೇ ಕನ್ನಡ ಅಕ್ಷರ ದುಂಡಗಾಯ್ತು ಅಂತ ಶಾಲೆಯಲ್ಲಿ ಹೇಳಿಕೊಡುತ್ತಾರೆ. ಅದೊಂದೇ ಕಾರಣ ಅಂತ ನನಗೆ ಅನಿಸಲ್ಲ. ಗರಿಯ ಮೇಲೆ ಬರೆದ ಎಲ್ಲಾ ಲಿಪಿಗಳೂ ನಮ್ಮಷ್ಟು ದುಂಡಗಾಗಿಲ್ಲ. ಆದರೆ ಇನ್ನೊಂದು ಮಾತು ಖಾತ್ರಿ: ಕಂಠದ ಗೀರಿಗೂ ದಪ್ಪ ಸಣ್ಣ ಇಲ್ಲ. ಕೊಪ್ಪಳದಿಂದ ಗದಗಿಗೆ ಹೋಗುವಾಗ ಲಕ್ಕುಂಡಿ ಸಿಗುತ್ತಲ್ಲ, ಅಲ್ಲಿನ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದಳು ಅಂತ ಪ್ರಸಿದ್ಧಿ. ಆ ಸಾವಿರ ಪ್ರತಿಯ ಒಂದೊಂದು ಅಕ್ಷರವನ್ನೂ ಗೀರಿದ್ದು ಇಂಥಾ ಕಡ್ಡಿಯೇ.

ಲೆಕ್ಕಪತ್ರಕ್ಕೆ ಕಡತ ಇತ್ತು. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಲಪುಡಿ ಬಳಿದು, ಮಡಚಿ, ಬಳಪದಲ್ಲಿ ಬರೆದು, ಬೇಡವಾದಾಗ ಒರೆಸೋದು. ಸರ್ಕಾರಿ ಫೈಲಿಗೆ ನಾವು ಈಗ ಕಡತ ಅನ್ನೋದು ಅಲ್ಲಿಂದ ಬಂದದ್ದೇ. ನಮ್ಮ ಕಿನ್ನಾಳದ ಚಿತ್ರಗಾರರು ಗೊಂಬೆ ಮಾಡೋಕೆ ಇವತ್ತಿಗೂ ಹುಣಸೆಬೀಜದ ಅಂಟನ್ನೇ ಬಳಸುತ್ತಾರೆ. ಬಳಪದ ಗೆರೆಗೂ ದಪ್ಪ ಸಣ್ಣದ ನಿಯಮ ಇಲ್ಲ.

ಉಳಿ, ಕಂಠ, ಬಳಪ. ಕನ್ನಡ ಅಕ್ಷರ ದೊಡ್ಡದಾದದ್ದು ಇವುಗಳ ಕೈಯಲ್ಲಿ. ಮೂರಕ್ಕೂ ಕೊಯ್ದ ಮೂತಿ ಇಲ್ಲ.

ಕೊಯ್ದ ಮೂತಿ ನಮ್ಮ ಜಿಲ್ಲೆಗೆ ಬಂದದ್ದು ಪಾರ್ಸಿ, ಉರ್ದು ದಫ್ತರಗಳ ಜೊತೆ. ಕೊಪ್ಪಳ, ಯಲಬುರ್ಗಾ ಎರಡೂ ಸಾಲಾರ್ ಜಂಗ್ ಮನೆತನದ ಜಹಗೀರು. ಗಂಗಾವತಿ, ಕುಷ್ಟಗಿ ನಿಜಾಮನ ನೇರ ಆಡಳಿತದ ತಾಲ್ಲೂಕುಗಳು. ಹೈದರಾಬಾದಿನಲ್ಲಿ 1880ರ ದಶಕದಲ್ಲಿ ಪಾರ್ಸಿಯ ಜಾಗಕ್ಕೆ ಉರ್ದು ಆಡಳಿತ ಭಾಷೆಯಾಯ್ತು, 1948ರ ಸೆಪ್ಟೆಂಬರ್‌ವರೆಗೂ ನಡೀತು. ಮನೇಲಿ ಕನ್ನಡ, ಕಚೇರೀಲಿ ಉರ್ದು. ಯಲಬುರ್ಗಾ ತಾಲ್ಲೂಕಿನ ದ್ಯಾಂಪುರದಲ್ಲಿ 1918ರಲ್ಲಿ ಹುಟ್ಟಿದ ಸಿದ್ಧಯ್ಯ ಪುರಾಣಿಕರು ಉಸ್ಮಾನಿಯಾದಲ್ಲಿ ಓದಿ, ಹೈದರಾಬಾದಿನ ನಾಗರಿಕ ಸೇವೆ ಸೇರಿ, ಮುಂದೆ ಐಎಎಸ್ ಅಧಿಕಾರಿಯಾದರು. ಕನ್ನಡಕ್ಕೆ ಅವರು ಕಾವ್ಯಾನಂದ. ಒಂದೇ ಕೈಯಲ್ಲಿ ಎರಡು ದಿಕ್ಕಿನ ಬರವಣಿಗೆ ಇಟ್ಟುಕೊಂಡಿದ್ದ ಒಂದು ತಲೆಮಾರೇ ನಮ್ಮಲ್ಲಿತ್ತು.

ನಮ್ಮ ಅಜ್ಜನೂ ಆ ಪೈಕಿ, ಬಹಳ ಸಣ್ಣ ಹುದ್ದೆಯಲ್ಲಿ. ಯಲಬುರ್ಗಾದ ಶಾಲೆಯಲ್ಲಿ ಉರ್ದು ಕಲಿತವರು. ಕಲಿತದ್ದು ತಖ್ತಿ ಅನ್ನೋ ಮರದ ಹಲಗೆಯ ಮೇಲೆ. ಮಣ್ಣು ಬಳಿದು ಒಣಗಿಸಿ, ಬರೆದು, ತೊಳೆದು, ಮತ್ತೆ ಬಳಿಯೋದು. ಅವರು ಹೇಳುತ್ತಿದ್ದದ್ದು: "ಮೊದಲ ವರ್ಷ ಅಕ್ಷರಕ್ಕಿಂತ ಕಲಮು ಕೆತ್ತೋದ ಜಾಸ್ತಿ ಕಲಿಸಿದ್ರು ತಮ್ಮಾ. ಕಲಮು ಕೆತ್ತಾಕ ಬರದವಂಗ ಅಕ್ಷರ ಹ್ಯಾಂಗ ಬರ್ತಾವು?"

ಅವರು ಕೆತ್ತೋದನ್ನು ನಾನು ನೋಡಿದ್ದೇನೆ. ಜೊಂಡಿನ ತುದಿಯನ್ನು ಉದ್ದಕ್ಕೆ ಓರೆಯಾಗಿ ಕೊಯ್ದು ಹೊಟ್ಟೆ ತೆಗೀಬೇಕು. ಎರಡೂ ಹೆಗಲು ಇಳಿಸಬೇಕು. ನಟ್ಟನಡುವೆ ಸೀಳು ಹಾಕಬೇಕು. ಕೊನೆಗೆ ಗಟ್ಟಿ ಪಟ್ಟಿಯ ಮೇಲೆ ಮೂತಿ ಇಟ್ಟು, ಚಾಕು ಒತ್ತಿ, ಒಂದೇ ಏಟಿಗೆ ಟಕ್ ಅಂತ ತುದಿ ಹಾರಿಸಬೇಕು. ಈ ಕೊನೆಯ ಕೊಯ್ತಕ್ಕೆ ಕತ್ ಅಂತ ಹೆಸರು. ಆ ಕೊಯ್ತ ಎಷ್ಟು ಓರೆ ಅನ್ನೋದರ ಮೇಲೆ ಬರವಣಿಗೆ ನಿಂತಿರುತ್ತೆ. ಉರ್ದುವಿನ ನಸ್ತಾಲಿಕ್ ಬರಹಕ್ಕೆ ಒಂದು ಓರೆ. ದೇವನಾಗರಿ ಬರೆಯುವ ಬೋರಿನ ಓರೆ ಇಂಗ್ಲಿಷ್ ಪೆನ್ನಿನ ಓರೆಗೆ ಎದುರು ದಿಕ್ಕಿನದು. ಅರಬ್ಬಿ ಲಿಪಿಯಲ್ಲಂತೂ ಅಕ್ಷರದ ಎತ್ತರವನ್ನು ಅಳೆಯೋದೇ ಕಲಮಿನ ಮೂತಿ ಒತ್ತಿದರೆ ಬೀಳುವ ಚುಕ್ಕೆಯಿಂದ. ಅಲಿಫ್ ಇಷ್ಟು ಚುಕ್ಕೆ ಎತ್ತರ, ಬೇ ಇಷ್ಟು ಚುಕ್ಕೆ ಅಗಲ. 10ನೇ ಶತಮಾನದ ಬಾಗ್ದಾದಿನಲ್ಲಿ ವಜೀರನಾಗಿದ್ದ ಇಬ್ನ್ ಮುಕ್ಲಾನ ಹೆಸರಿನಲ್ಲಿ ನಡೆದುಬಂದ ಲೆಕ್ಕ ಇದು. ಅಂದರೆ ಮೂತಿ ಬದಲಾದರೆ ಅಳತೆಗೋಲೇ ಬದಲಾದಂತೆ. ಲಿಪಿ ಕೇಳದೇ ಮೂತಿ ಕೊಯ್ದರೆ ನಗುತ್ತಿದ್ದರು ಅಂದೆನಲ್ಲ, ಇದಕ್ಕೇ.

ಅಜ್ಜನ ಹತ್ತಿರ ಕೊನೆಕೊನೆಗೆ ಜನ ಬರುತ್ತಿದ್ದದ್ದು ಬರೆಸೋಕಲ್ಲ, ಓದಿಸೋಕೆ. ಹೊಲದ ಹಳೇ ಖರೀದಿ ಪತ್ರ, ಪಹಣಿ, ತಕರಾರಿನ ಕಾಗದ. ಕಚೇರಿಯ ಅವಸರದ ಕೈಬರಹಕ್ಕೆ ಶಿಕಸ್ತಾ ಅನ್ನುತ್ತಾರೆ. ಶಿಕಸ್ತಾ ಅಂದರೆ ಮುರಿದದ್ದು. ಅಕ್ಷರಕ್ಕೆ ಅಕ್ಷರ ಕೂಡಿಸಿಕೊಂಡು, ಚುಕ್ಕೆ ಬಿಟ್ಟು ಓಡಿಸುವ ಬರಹ. ಚುಕ್ಕೆ ಬಿಟ್ಟರೆ ಬೇ, ಪೇ, ತೇ ಎಲ್ಲವೂ ಒಂದೇ ರೂಪ. ಪದದ ಮೊದಲಿಗೆ ಬಂದರೆ ನೂನ್ ಕೂಡ ಅದೇ ರೂಪ. ನೀಲಪ್ಪನೂ ಬೈಲಪ್ಪನೂ ಕಾಗದದ ಮೇಲೆ ಒಬ್ಬನೇ ಆಗಿಬಿಡುತ್ತಾನೆ!

ಇದು ನಗುವ ವಿಷಯವಲ್ಲ ಅಂತ ನಮ್ಮ ಮನೆಯವರಿಗೆ ಗೊತ್ತಾದದ್ದು ಅಜ್ಜ ಹೋದಮೇಲೆ. ಟ್ರಂಕಿನಲ್ಲಿದ್ದ ನಮ್ಮದೇ ಹೊಲದ 1948ಕ್ಕಿಂತ ಹಿಂದಿನ ಪತ್ರವನ್ನು ಓದುವವರು ಮನೆಯಲ್ಲಿ ಒಬ್ಬರೂ ಇಲ್ಲ. ಬದುವಿನ ತಂಟೆ ಬಂತು, ಪತ್ರ ಕನ್ನಡಕ್ಕೆ ತರಬೇಕಾಯ್ತು. ಇಬ್ಬರ ಹತ್ತಿರ ಓದಿಸಿದೆವು. ಪೂರ್ವಕ್ಕೆ ಯಾರ ಹೊಲ ಅನ್ನೋ ಕಡೆ ಒಬ್ಬರು ನೀಲಪ್ಪ ಅಂದರು, ಇನ್ನೊಬ್ಬರು ಬೈಲಪ್ಪ ಅಂದರು. ಇಬ್ಬರೂ ಬಲ್ಲವರೇ. ಎರಡನೆಯವರು, ಹಣ್ಣಾದ ಮೇಷ್ಟ್ರು, ಕಾಗದವನ್ನು ಬೆಳಕಿಗೆ ಹಿಡಿದು ಒಂದು ಮಾತು ಹೇಳಿದರು. ಬರೆದವನು ಟಾಕಿನಲ್ಲಿ ಬರೆದಿದ್ದಾನೆ, ಗೆರೆಯೆಲ್ಲ ಒಂದೇ ಥರ ಸಣ್ಣಗಿದೆ. ಕಲಮಿನಲ್ಲಿ ಬರೆದಿದ್ದರೆ ದಪ್ಪ ಸಣ್ಣ ನೋಡಿ ಕೈ ಎಲ್ಲಿ ತಿರುಗಿದೆ, ಎಲ್ಲಿ ಎತ್ತಿದೆ ಅಂತಾದರೂ ತಿಳೀತಿತ್ತು. ಆಗಲೂ ಚುಕ್ಕೆಯ ಜಾಗ ತುಂಬುತ್ತಿರಲಿಲ್ಲವೇನೋ. ಆದರೆ ಆ ಮಾತು ನನ್ನ ತಲೆಯಲ್ಲಿ ಉಳೀತು.

ಟಾಕು ಅಂದರೆ ಕಡ್ಡಿಗೆ ಸಿಕ್ಕಿಸಿ, ದೌತಿಯಲ್ಲಿ ಅದ್ದಿ ಬರೆಯುವ ಉಕ್ಕಿನ ನಿಬ್ಬು. 19ನೇ ಶತಮಾನದಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಕಾರ್ಖಾನೆಗಳು, ಜೋಸೆಫ್ ಗಿಲೋಟ್, ಜೋಸಾಯಾ ಮೇಸನ್ ಮುಂತಾದವರವು, ಇವನ್ನು ಯಂತ್ರದಲ್ಲಿ ಒತ್ತಿ ಲೋಕಕ್ಕೆಲ್ಲ ಕಳಿಸಿದವು. ಆಕಾರ ನೋಡಿದರೆ ಅದು ಲೋಹದ ಕಲಮೇ: ಅದೇ ಹೆಗಲು, ಅದೇ ಸೀಳು. ಆದರೆ ತುದಿ ಚೂಪು, ಇಂಗ್ಲಿಷಿನ ಓರೆ ಬರಹಕ್ಕೆ ಮಾಡಿದ್ದು. ಕೆಳಕ್ಕೆ ಎಳೆಯುವಾಗ ಒತ್ತಿದರೆ ಸೀಳು ಬಾಯಿಬಿಟ್ಟು ದಪ್ಪ, ಮೇಲಕ್ಕೆ ಹೋಗುವಾಗ ಸಣ್ಣ. ಒತ್ತದೇ ಅವಸರದಲ್ಲಿ ಬರೆದರೆ ಎಲ್ಲಾ ಸಣ್ಣ. ಕೆತ್ತುವ ಕೆಲಸ ತಪ್ಪಿತು, ಚಾಕು ಜೇಬಿನಿಂದ ಹೋಯ್ತು. ಹಾಗೇ ನನ್ನ ಲಿಪಿಗೆ ಈ ಮೂತಿ ಅಂತ ತೀರ್ಮಾನ ಮಾಡುವ ಹಕ್ಕೂ ಹೋಯ್ತು.

ಫೌಂಟನ್ ಪೆನ್ನಿನ ಕಥೆ ನಿಮಗೆ ಗೊತ್ತೇ ಇದೆ: 1884ರಲ್ಲಿ ವಾಟರ್‌ಮನ್ ಪೇಟೆಂಟ್, ಆಮೇಲೆ ಸ್ವದೇಶಿ ಕಾಲದಲ್ಲಿ ರಾಜಮಹೇಂದ್ರಿಯ ರತ್ನಂ ಪೆನ್ನು, ಅದನ್ನು ಮೆಚ್ಚಿ ಗಾಂಧೀಜಿ 1935ರಲ್ಲಿ ಬರೆದ ಪತ್ರ. ಪೆನ್ನು ಸ್ವದೇಶಿಯಾಯ್ತು. ನಿಬ್ಬಿನ ಆಕಾರ ಮಾತ್ರ ಇಂಗ್ಲಿಷಿನ ಕಡೆಗೇ ಉಳೀತು.

ಜಪಾನಿನವರು ಇದನ್ನು ಸುಮ್ಮನೆ ಒಪ್ಪಿಕೊಳ್ಳಲಿಲ್ಲ. ಕಾಂಜಿಯಲ್ಲಿ ಒಂದು ಚೌಕದೊಳಗೆ ಹತ್ತಾರು ಗೆರೆ ಹಿಡಿಸಬೇಕು. ಅದಕ್ಕೇ ಅವರ ಫೈನ್ ನಿಬ್ಬು ಯುರೋಪಿನ ಫೈನ್‌ಗಿಂತ ಸಣ್ಣ. ಸೇಲರ್ ಕಂಪನಿಯ ನೊಬುಯೋಶಿ ನಾಗಹಾರ (2015ರಲ್ಲಿ ತೀರಿಕೊಂಡರು) ನಾಗಿನಾತ ಅನ್ನೋ ನಿಬ್ಬಿಗೆ ಹೆಸರುವಾಸಿ. ತುದಿಯ ಗುಂಡನ್ನು ಉದ್ದಕ್ಕೆ ಇಳಿಜಾರಾಗಿ ಸಾಣೆ ಹಿಡಿದಿರುತ್ತಾರೆ. ಪೆನ್ನು ನೆಟ್ಟಗೆ ಹಿಡಿದರೆ ಸಣ್ಣ ಗೆರೆ, ಮಲಗಿಸಿದರೆ ದಪ್ಪ, ಕುಂಚದಲ್ಲಿ ಬರೆದ ಹಾಗೆ. ತಮ್ಮ ಅಕ್ಷರ ಎದುರಿಗಿಟ್ಟುಕೊಂಡು ಕೆತ್ತಿದ ಮೂತಿ ಅದು. ಈ ವಿಷಯದಲ್ಲಿ ನನಗೆ ಅವರ ಮೇಲೆ ಹೊಟ್ಟೆಕಿಚ್ಚು ಇದೆ.

ನನ್ನ ಫಾರ್ಮಿನಲ್ಲಿದ್ದ ಆಯ್ಕೆಗಳು: ಸ್ಟಬ್, ಕರ್ಸಿವ್ ಇಟಾಲಿಕ್, ಆಬ್ಲೀಕ್, ಆರ್ಕಿಟೆಕ್ಟ್, ನೀಡಲ್‌ಪಾಯಿಂಟ್. ಆರ್ಕಿಟೆಕ್ಟ್‌ನಲ್ಲಿ ಅಡ್ಡಗೆರೆ ದಪ್ಪ, ಉದ್ದಗೆರೆ ಸಣ್ಣ. ಇದಕ್ಕೆ ಹೀಬ್ರೂ ಅಥವಾ ಅರೇಬಿಕ್ ಅನ್ನೋ ಹೆಸರೂ ಇದೆ. ಅಜ್ಜ ಇದ್ದಿದ್ದರೆ ಇದನ್ನೇ ಆರಿಸುತ್ತಿದ್ದರು, ಒಂದು ಕ್ಷಣ ಯೋಚನೆ ಮಾಡದೇ. ಅವರ ಉರ್ದುವಿಗೆ ಪಟ್ಟಿಯಲ್ಲಿ ಜಾಗ ಇದೆ. ನನ್ನ ಕನ್ನಡಕ್ಕೆ?

ಸಾಣೆ ಹಿಡಿಯುವವರಲ್ಲಿ ಮಾದರಿ ಪೆನ್ನುಗಳಿದ್ದವು, ಒಂದೊಂದನ್ನೂ ಬರೆದು ನೋಡಬಹುದಿತ್ತು. ಏನು ಬರೆಯೋದು ಅಂತ ಯೋಚಿಸದೇ 1997ರಲ್ಲಿ ಜಿಲ್ಲೆಯಾದಾಗ ಇದ್ದ ನಾಲ್ಕು ತಾಲ್ಲೂಕುಗಳ ಹೆಸರು ಬರೆದೆ. (ಈಗ ಕನಕಗಿರಿ, ಕಾರಟಗಿ, ಕುಕನೂರು ಸೇರಿ ಏಳಾಗಿವೆ.) ಬರೆಯುತ್ತಾ ಹೋದ ಹಾಗೆ ಕನ್ನಡದ ನಿಬ್ಬಿಗೆ ಇದಕ್ಕಿಂತ ಒಳ್ಳೇ ಪರೀಕ್ಷೆ ಸಿಗಲ್ಲ ಅನಿಸಿತು.

ಕೊಪ್ಪಳ ಒತ್ತಕ್ಷರದ ಪರೀಕ್ಷೆ. ಸ್ಟಬ್‌ನಲ್ಲಿ, ಅದೂ 1.1 ಮಿ.ಮೀ. ಅಗಲದ್ದರಲ್ಲಿ, ಮೇಲಿನ ಪ ಚೆಂದ, ಕೆಳಗಿನ ಒತ್ತು ಇಂಕಿನ ಮುದ್ದೆ. ಗಂಗಾವತಿಯಲ್ಲಿ ಸೊನ್ನೆಯ ಹೊಟ್ಟೆ ತುಂಬಿಕೊಂಡು ಬರೀ ಚುಕ್ಕೆಯಾಯ್ತು. ಕುಷ್ಟಗಿ ಬಹಳ ಕಠಿಣ. ಷ ಅಂದರೆ ಪ ಒಳಗೊಂದು ಗೆರೆ, ಆ ಗೆರೆ ಉಳಿಯದಿದ್ದರೆ ಷ ಇಲ್ಲ. ಅದರ ಕೆಳಗೆ ಟ ಒತ್ತು ಬೇರೆ. ದ ಮತ್ತು ಧ, ಬ ಮತ್ತು ಭ ಇವುಗಳ ನಡುವೆಯೂ ಇರೋದು ಒಂದು ಪುಟ್ಟ ಸೀಳೇ. ದಪ್ಪ ನಿಬ್ಬಿನ ಕನ್ನಡ ಅಂದರೆ ಚುಕ್ಕೆ ಬಿಟ್ಟ ಶಿಕಸ್ತಾ ಇದ್ದ ಹಾಗೆ, ಬರೆದವನಿಗೆ ಮಾತ್ರ ಗೊತ್ತು. ಯಲಬುರ್ಗಾದ ತೊಂದರೆ ಬೇರೆ ಥರದ್ದು. ಯ ಬರೆಯುವಾಗ ಕೈ ಸುತ್ತಿ ಸುತ್ತಿ ಹಿಂದಕ್ಕೂ ಮೇಲಕ್ಕೂ ಹೋಗುತ್ತೆ, ಅಂದರೆ ನಿಬ್ಬನ್ನು ಎಳೆಯೋದಲ್ಲ, ತಳ್ಳೋದು. ಇಂಗ್ಲಿಷಿನಲ್ಲಿ ತಳ್ಳುವ ಗೆರೆ ಇಷ್ಟಿಲ್ಲ. ಅಂಚು ಚೂಪಾಗಿರುವ ಇಟಾಲಿಕ್ ನಿಬ್ಬನ್ನು ತಳ್ಳಿದಲ್ಲೆಲ್ಲ ಅದು ಕಾಗದ ಕೆರೆಯಿತು. ಕೊನೆಯ ಅರ್ಕಾವೊತ್ತು ಬರೆಯುವಷ್ಟರಲ್ಲಿ ನಾರು ಸಿಕ್ಕಿಕೊಂಡಿತ್ತು. ಆಬ್ಲೀಕ್‌ನಲ್ಲಿ ತಲೆಕಟ್ಟು ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ ಆಗಿ ಟೋಪಿ ವಾರೆಯಾದ ಹಾಗೆ ಕಂಡಿತು. ನೀಡಲ್‌ಪಾಯಿಂಟ್ ಸರಿ ಬರೆಯಿತು, ಆದರೆ ಅದು ಕಂಠದ ತಮ್ಮ, ಒಂದು ಪುಟ ಬರೆಯುವುದರೊಳಗೆ ಬೆರಳು ನೋಯಿತು.

ಕೊನೆಗೆ ಪಟ್ಟಿಯಲ್ಲಿ ಇಲ್ಲದ್ದನ್ನು ಮಾತಾಡಿಕೊಂಡೆವು. ಅಗಲ 0.4 ಮಿ.ಮೀ. ಮೀರಬಾರದು, ಒತ್ತಕ್ಷರ ಬದುಕಬೇಕು. ತುದಿ ಚೂರೇ ಚೂರು ಚಪ್ಪಟೆ ಇರಲಿ, ಗೆರೆಗೆ ಸ್ವಲ್ಪ ಜೀವ ಬರಲಿ. ಎಲ್ಲಕ್ಕಿಂತ ಮುಖ್ಯ, ತಳ್ಳುವ ಕಡೆಯ ಅಂಚುಗಳನ್ನು ಪೂರಾ ಉರುಟು ಮಾಡಿ ಹೊಳಪು ಕೊಡಬೇಕು, ಯ ಸಲೀಸಾಗಿ ಸುತ್ತಬೇಕು. ಸಾಣೆ ಹಿಡಿಯುವವರು ನಾಲ್ಕು ಹೆಸರಿನ ಆ ಹಾಳೆಯನ್ನು ತಮ್ಮ ಹತ್ತಿರವೇ ಇಟ್ಟುಕೊಂಡರು. ಫಾರ್ಮಿನ ಕೆಳಗೆ ಷರಾ ಅಂತ ಇದ್ದ ಜಾಗದಲ್ಲಿ ನಾನೇ ಬರೆದೆ: ಲಿಪಿ, ಕನ್ನಡ.

ಹೊಲದ ಪತ್ರದ ಕನ್ನಡ ಅನುವಾದವನ್ನು ಆ ಪೆನ್ನಿನಲ್ಲೇ ಬರೆದು ಊರಿಗೆ ತಗೊಂಡು ಹೋದೆ. ತಂಟೆ ಇನ್ನೂ ಬಗೆಹರಿದಿಲ್ಲ. ಪೂರ್ವದ ಚೆಕ್ಕುಬಂದಿಯ ಕಡೆ ಎರಡೂ ಹೆಸರು ಬರೆದಿದ್ದೇನೆ, ಬೈಲಪ್ಪ ಮೇಲೆ, ನೀಲಪ್ಪ ಕೆಳಗೆ, ಮೂಲದಲ್ಲಿ ಚುಕ್ಕೆ ಇಲ್ಲ ಅಂತ ಪಕ್ಕದಲ್ಲೊಂದು ಸಾಲು. ಅಪ್ಪ ಕನ್ನಡಕ ಹುಡುಕದೇ ಪೂರ್ತಿ ಓದಿ, ಮಡಚಿ, ಮೂಲ ಪತ್ರದ ಜೊತೆ ಟ್ರಂಕಿನಲ್ಲಿ ಇಟ್ಟರು.